ಸುಮಿಯಾತಿ ಹೇಳಬೇಕಾದ ಮಾತು

ನವೆಂಬರ್ 7, ಶುಕ್ರವಾರ. ಯಾನ್ಬು

ಇವತ್ತು ಇಸ್ರಾಳ ಮದುವೆ ಮಾತು ಮುಗಿಯಬೇಕಿತ್ತು. ಮುಗಿದದ್ದು ಬಿರಿಯಾನಿ ಮಾತ್ರ.

ಹುಡುಗನ ಕಡೆಯವರು ಸಂಜೆಯ ಅಸರ್ ನಮಾಜ್ ಮುಗಿಸಿ ಬಂದರು. ಕಡೆಯವರು ಎಂದು ಬರೆಯುವಾಗಲೇ ನಗು ಬರುತ್ತದೆ. ಹುಡುಗ ಉಝೈರ್. ಅವನ ತಾಯಿ ಸಮೀಹಾ, ನಾನು ಉಳ್ಳಾಲ ಬಿಟ್ಟು ಸೌದಿಯ ಈ ಊರಿಗೆ ಬಂದ ಮೊದಲ ವಾರದಿಂದ ನನ್ನ ಗೆಳತಿ. ಇಪ್ಪತ್ತೈದು ವರ್ಷದ ಹಿಂದೆ ಹಳೇ ಬಂದರಿನ ಹತ್ತಿರ ಒಂದೇ ಕಟ್ಟಡದಲ್ಲಿದ್ದೆವು, ಅವಳು ಕೆಳಗೆ, ನಾನು ಮೇಲೆ. ಅವಳು ನನ್ನ ಮಗಳನ್ನು ಕೇಳಿದಾಗ ನಾನು ಎರಡು ದಿನ ಬಿಗುಮಾನ ತೋರಿಸಿದೆ. ಅಷ್ಟೂ ಮಾಡದಿದ್ದರೆ ಹೆಣ್ಣಿನ ತಾಯಿ ಎಂದು ಯಾರು ಹೇಳುತ್ತಾರೆ? ಒಳಗೆ ಮಾತ್ರ ಸಂತೋಷ ಹಾಲಿನಂತೆ ಉಕ್ಕುತ್ತಿತ್ತು. ಇಸ್ರಾಳ ಮುಖ ನೋಡಿದರೆ, ಈ ಸಂಬಂಧದ ವಿಷಯ ಅವಳಿಗೆ ನನಗಿಂತ ಮೊದಲೇ ಗೊತ್ತಿದ್ದ ಹಾಗಿತ್ತು.

ಊಟವಾಗಿ ಸುಲೈಮಾನಿ ಚಾ ಕುಡಿಯುವಾಗ ಸಮೀಹಾ ಹಳೆಯ ಕಥೆ ತೆಗೆದಳು. "ಇವರಿಬ್ಬರೂ ಸುಮಿಯಾತಿಯ ಮಡಿಲಲ್ಲಿ ಬೆಳೆದವರಲ್ವಾ ಫಸೀಲಾ? ನಾನು ಶಾಲೆಗೆ ಪಾಠ ಮಾಡ್ಲಿಕ್ಕೆ ಹೋದ್ರೆ ಇವನಿಗೆ ಅವಳೇ ಗತಿ. ನಿನ್ನ ಇಸ್ರಾಳಿಗಂತೂ ಅವಳೇ ಹಾಲು ಕೊಟ್ಟದ್ದು."

ಸಮೀಹಾಳ ಅಣ್ಣ ಕಾಸಿಂ ಕಾಕ, ನಮ್ಮಲ್ಲಿ ಅಣ್ಣನಿಗೇ ಕಾಕ ಎನ್ನುವುದು, ಲೋಟ ಕೆಳಗಿಟ್ಟರು. "ಇಸ್ರಾಳಿಗೆ ಮಾತ್ರವಾ? ಉಝೈರನಿಗೆ?"

"ಅವನಿಗೆ ನಾನು ಬಾಟ್ಲಿ ಇಟ್ಟು ಹೋಗ್ತಿದ್ದೆ ಕಾಕ."

"ಬಾಟ್ಲಿ ಇಟ್ಟದ್ದು ನೀನು. ಕುಡಿಸಿದ್ದು ಯಾರು, ಎಂತ ಕುಡಿಸಿದ್ದು, ನೀನು ನೋಡಿದ್ದೀಯಾ?"

ಸಮೀಹಾ ನೋಡಿರಲಿಲ್ಲ. ನಾನೂ ನೋಡಿರಲಿಲ್ಲ. ನಾನಾಗ ಆಸ್ಪತ್ರೆಯಲ್ಲಿದ್ದೆ, ಮನೆಗೆ ಬಂದ ಮೇಲೂ ಎಷ್ಟೋ ವಾರ ಹಾಸಿಗೆ ಬಿಟ್ಟಿರಲಿಲ್ಲ.

ಇದು ನಮ್ಮಲ್ಲಿ ಸಣ್ಣ ಮಾತಲ್ಲ. ಒಬ್ಬಳೇ ಹೆಂಗಸಿನ ಎದೆಹಾಲು ಕುಡಿದ ಮಕ್ಕಳು ಒಡಹುಟ್ಟಿದವರ ಹಾಗೆ. ಎರಡು ವರ್ಷ ತುಂಬುವ ಮೊದಲು ಐದು ಸಲ ಹೊಟ್ಟೆ ತುಂಬ ಕುಡಿದಿದ್ದರೆ ಸಾಕು, ಅಣ್ಣ ತಂಗಿ ಆಗಿಬಿಡುತ್ತಾರೆ. ಒಟ್ಟಿಗೆ ಕೂರಬಹುದು, ಪ್ರಯಾಣ ಮಾಡಬಹುದು, ಹೆಣ್ಣು ತಲೆಗೂದಲು ಮರೆಸಬೇಕಿಲ್ಲ. ನಿಕಾಹ್ ಮಾತ್ರ ಜನ್ಮದಲ್ಲಿ ಆಗುವಂತಿಲ್ಲ. ಉಝೈರ್ ಕುಡಿದಿದ್ದಾನೋ ಇಲ್ಲವೋ ಎಂದು ಹೇಳಬಲ್ಲವಳು ಆಗ ನಮ್ಮ ನೆರೆಯವಳಾಗಿದ್ದ ಸುಮಿಯಾತಿ ಒಬ್ಬಳೇ. ಅವಳು ಇಂಡೋನೇಷ್ಯಾಕ್ಕೆ ವಾಪಸ್ ಹೋಗಿ ಎಷ್ಟೋ ವರ್ಷವಾಯಿತು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಸಮೀಹಾಳಿಗೆ ಈ ಕಥೆ ಇವತ್ತೇ ನೆನಪಾಗಬೇಕಿತ್ತಾ? ಹೋಗುವಾಗ ಅವಳು ಅಳುತ್ತಿದ್ದಳು. ಅವಳಿಗೆ ಸಮಾಧಾನ ಹೇಳುವಷ್ಟು ದೊಡ್ಡ ಮನಸ್ಸು ನನಗೆ ಬರಲಿಲ್ಲ.

ನವೆಂಬರ್ 10, ಸೋಮವಾರ. ಯಾನ್ಬು

ಇವರು, ಇಸ್ರಾಳ ತಂದೆ, ಕೆಲಸ ಮಾಡುವ ರಿಫೈನರಿಯಲ್ಲಿ ಹಿಂದೆ ಇದ್ದ ಒಬ್ಬ ಇಂಡೋನೇಷ್ಯಾದವನ ಮೂಲಕ ನಂಬರ್ ಸಿಕ್ಕಿತು. ಸುಮಿಯಾತಿ ಈಗ ಜಕಾರ್ತಾದಲ್ಲಿದ್ದಾಳೆ. ವೀಡಿಯೊದಲ್ಲಿ ಮುಖ ಕಂಡಿತು. ತುಂಬಾ ದಪ್ಪಗಾಗಿದ್ದಾಳೆ. ನನ್ನನ್ನು ನೋಡಿ ಅವಳೂ ಅದನ್ನೇ ಅಂದುಕೊಂಡಿರಬೇಕು.

ನಮ್ಮಿಬ್ಬರ ನಡುವೆ ಇರುವುದು ಒಂದೇ ಭಾಷೆ, ಯಾನ್ಬುವಿನ ಬಕಾಲಾ ಎನ್ನುವ ದಿನಸಿ ಅಂಗಡಿಗಳಲ್ಲಿ ಕಲಿತ ಮುರುಕು ಅರಬಿ. ಇಷ್ಟು ವರ್ಷದ ನಂತರವೂ ಅವಳದು ಕೆಟ್ಟಿಲ್ಲ, ನನ್ನದು ಸುಧಾರಿಸಿಲ್ಲ. ವಿಷಯ ಹೇಳಿದೆ. ಸಮೀಹಾಳ ಮಗ ನೆನಪಿದ್ದಾನಾ ಎಂದೆ. ನೆನಪಿದ್ದಾನೆ ಎಂದಳು. ಅವನಿಗೆ ನೀನು ಹಾಲು ಕೊಟ್ಟಿದ್ದೀಯಾ ಎಂದು ಕೇಳಿದೆ.

ಅವಳು, "ಇದು ಫೋನಿನಲ್ಲಿ ಹೇಳುವ ಮಾತಲ್ಲ. ನೀನು ಬಾ. ಮಗಳನ್ನೂ ಕರೆದುಕೊಂಡು ಬಾ," ಎಂದು ಫೋನ್ ಇಟ್ಟುಬಿಟ್ಟಳು.

ಹೌದು ಅಥವಾ ಇಲ್ಲ, ಎರಡರಲ್ಲಿ ಒಂದು ಹೇಳಲು ಏಳು ಸಮುದ್ರ ದಾಟಿ ಬರಬೇಕಂತೆ! ನನಗೆ ಎಷ್ಟು ಕೋಪ ಬಂತೆಂದರೆ ಆ ಕೋಪದಲ್ಲೇ ಅಡುಗೆಮನೆಯ ಕಪಾಟುಗಳನ್ನೆಲ್ಲ ಒರೆಸಿದೆ. ಅವಳು ನನಗೆ ಮಾಡಿದ ಉಪಕಾರ ದೊಡ್ಡದು, ಇಲ್ಲವೆನ್ನುವುದಿಲ್ಲ. ಹೆರಿಗೆಯಾದ ಒಂದು ವಾರಕ್ಕೆ ನನಗೆ ಜ್ವರ ಏರಿ ಮೈಮೇಲೆ ಪ್ರಜ್ಞೆ ಇರಲಿಲ್ಲ. ಊರಿನಿಂದ ಬರುವವರಿಗೆ ವೀಸಾ ಇರಲಿಲ್ಲ. ಮಗುವಿನ ಹೊಟ್ಟೆಯಲ್ಲಿ ಯಾವ ಪುಡಿಹಾಲೂ ನಿಲ್ಲುತ್ತಿರಲಿಲ್ಲ. ಆಗ ಪಕ್ಕದ ಮನೆಯ ಸುಮಿಯಾತಿ ತನ್ನ ಮಗುವಿನ ಜೊತೆ ನನ್ನದನ್ನೂ ಎದೆಗೆ ಹಾಕಿಕೊಂಡಳು. ಎಲ್ಲ ನಿಜ. ಆದರೆ ಇಸ್ರಾಳಿಗೆ ಇನ್ನೊಬ್ಬಳು ಉಮ್ಮ ಇದ್ದಾಳೆ ಎಂದು ಯಾರಾದರೂ ಹೇಳಿದರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ. ಹೆತ್ತದ್ದು ನಾನು.

ಇವರಿಗೆ ಪ್ಲಾಂಟ್ ಶಟ್‌ಡೌನ್, ಯಂತ್ರ ನಿಲ್ಲಿಸಿ ರಿಪೇರಿ ಮಾಡುವ ಕಾಲ, ರಜೆ ಸಿಗುವುದಿಲ್ಲ. ಸಮೀಹಾಳನ್ನು ಕರೆದೆ. "ನನಗೆ ಅವಳ ಎದುರು ಕೂತು ಕೇಳುವ ಧೈರ್ಯ ಇಲ್ಲ ಮಾರಾಯ್ತಿ," ಎಂದಳು. ಕೊನೆಗೆ ಟಿಕೆಟ್ ಆದದ್ದು ನನಗೂ ಇಸ್ರಾಳಿಗೂ.

ನವೆಂಬರ್ 16, ಭಾನುವಾರ. ಜಕಾರ್ತಾ

ಜೆದ್ದಾದಿಂದ ಬಂದ ವಿಮಾನದ ತುಂಬ ಮಕ್ಕಾದಲ್ಲಿ ಉಮ್ರಾ ಯಾತ್ರೆ ಮುಗಿಸಿದವರು. ಒಂದೇ ಬಣ್ಣದ ಬಟ್ಟೆ ತೊಟ್ಟ ಅಜ್ಜಿಯಂದಿರು, ಪ್ರತಿಯೊಬ್ಬರಿಗೂ ಝಮ್‌ಝಮ್ ನೀರಿನ ಡಬ್ಬಿಯದೇ ಚಿಂತೆ. ನನ್ನ ಪಕ್ಕದವಳು ದಾರಿಯುದ್ದಕ್ಕೂ ನನ್ನ ಕೈಗೆ ಖರ್ಜೂರ ಹಾಕುತ್ತಾ ಬಂದಳು. ಮಾತು ಬಾರದಿದ್ದರೆ ತಿನ್ನಿಸುವುದೇ ಮಾತು.

ಹೊರಗೆ ಬಂದ ಕೂಡಲೇ ಗಾಳಿ ಮೈಗೆ ಅಂಟಿತು. ಈ ಬೆವರು ನನಗೆ ಪರಿಚಯದ್ದು, ಮೇ ತಿಂಗಳಲ್ಲಿ ಉಳ್ಳಾಲದ ಬಸ್ಸಿನದು. ಯಾನ್ಬುವಿನಲ್ಲಿ ಬೆವರು ಬರುವ ಮೊದಲೇ ಆರಿಹೋಗುತ್ತದೆ.

ಇಂಥ ಊರು ನಾನು ನೋಡಿಲ್ಲ. ರಸ್ತೆ ತುಂಬ ಸ್ಕೂಟರ್. ಸಿಗ್ನಲ್ ಬಿದ್ದರೆ ಕಾರುಗಳ ಸಂದಿಯಲ್ಲೆಲ್ಲ ನೀರು ತುಂಬಿದ ಹಾಗೆ ಬಂದು ತುಂಬುತ್ತವೆ. ಅರ್ಧಕ್ಕರ್ಧ ಜನ ಹಸಿರು ಜಾಕೆಟಿನವರು. ಬಾಡಿಗೆಗೆ ಜನರನ್ನು ಹಿಂದೆ ಕೂರಿಸಿಕೊಂಡು ಹೋಗುವವರಂತೆ. ಹಿಜಾಬಿನ ಮೇಲೆ ಹೆಲ್ಮೆಟ್ ಹಾಕಿದ ಹೆಂಗಸರು, ಮುಂದೊಂದು ಹಿಂದೊಂದು ಮಗು, ಕಾಲ ಹತ್ತಿರ ತರಕಾರಿ ಚೀಲ. ನಮ್ಮ ಯಾನ್ಬುವಿನಲ್ಲಿ ಹೆಂಗಸರು ಕಾರು ಬಿಡಲು ಶುರು ಮಾಡಿದಾಗ ನಾವು ಬಾಲ್ಕನಿಯಲ್ಲಿ ನಿಂತು ನೋಡಿದ್ದೆವು. ಇಲ್ಲಿ ಯಾರೂ ಯಾರನ್ನೂ ನೋಡುವುದಿಲ್ಲ. ನೋಡಿದರೆ ಗುದ್ದುತ್ತಾರೆ.

ಎಲ್ಲಿಂದಲೋ ಲವಂಗದ ವಾಸನೆ. ಯಾರೋ ಬಿರಿಯಾನಿಗೆ ಒಗ್ಗರಣೆ ಹಾಕಿದರು ಎಂದುಕೊಂಡೆ. ನೋಡಿದರೆ ಟ್ಯಾಕ್ಸಿ ಸ್ಟ್ಯಾಂಡಿನ ಗಂಡಸರ ಸಿಗರೇಟು! ಇಲ್ಲಿ ತಂಬಾಕಿನ ಜೊತೆ ಲವಂಗ ಸೇರಿಸಿ ಸೇದುತ್ತಾರಂತೆ. ಹಸಿವು ಮತ್ತು ಕೆಮ್ಮು ಎರಡೂ ಒಟ್ಟಿಗೆ ಬಂತು.

ಸುಮಿಯಾತಿ ನೇರ ಮನೆಗೆ ಬನ್ನಿ ಎಂದಿದ್ದಳು. ಬೇಡ, ಹೋಟೆಲಿನಲ್ಲಿರುತ್ತೇವೆ ಎಂದೆ. ಅವಳ ಅನ್ನ ತಿಂದು ಅವಳನ್ನೇ ವಿಚಾರಿಸುವುದು ಹೇಗೆ?

ಇಸ್ರಾ ಕಿಟಕಿಯ ಹತ್ತಿರ ಫೋನ್ ಹಿಡಿದು ಕೂತಿದ್ದಾಳೆ. "ಉಝೈರ್ ಕೇಳ್ತಿದ್ದಾನೆ ಉಮ್ಮಾ, ಅಲ್ಲಿ ಟ್ರಾಫಿಕ್ ಹೇಗಿದೆ ಅಂತ." ಕೇಳಬೇಕಾದದ್ದನ್ನು ಅವನೂ ಕೇಳುವುದಿಲ್ಲ, ಇವಳೂ ಹೇಳುವುದಿಲ್ಲ. ಟ್ರಾಫಿಕ್ ಬಗ್ಗೆ ಇಬ್ಬರೂ ಒಂದು ಗಂಟೆ ಮಾತಾಡಿದರು.

ಅಲ್ಲಾಹ್, ಒಂದು ಸಲವೂ ಕೊಟ್ಟಿರದಿರಲಿ. ಕೊಟ್ಟಿದ್ದರೂ ಐದಕ್ಕೆ ಒಂದು ಕಡಿಮೆ ಇರಲಿ.

ನವೆಂಬರ್ 17, ಸೋಮವಾರ. ಜಕಾರ್ತಾ

ಹೋಟೆಲ್ ಬಿಟ್ಟೆವು. ಬಿಡಿಸಿದ್ದು ಸುಮಿಯಾತಿ.

ಬೆಳಿಗ್ಗೆ ಅವಳ ಮನೆ ಹುಡುಕಿಕೊಂಡು ಹೋದೆವು. ಮಂಗ್ಗರಾಯ್ ಸ್ಟೇಷನ್ ಹತ್ತಿರ ಟ್ಯಾಕ್ಸಿಯವನು ಕೈಚೆಲ್ಲಿದ. ಅಲ್ಲಿಂದ ಮೂರು ಚಕ್ರದ ಆಟೊ. ಅದಕ್ಕೆ ಇಲ್ಲಿಯವರ ಹೆಸರು ಬಜಾಜ್! ನಮ್ಮ ಬಜಾಜ್ ಇಷ್ಟು ದೂರ ಬಂದು ನೀಲಿ ಬಣ್ಣ ಹಚ್ಚಿಕೊಂಡು ಕೂತಿದೆ. ಇಸ್ರಾ ನಕ್ಕಳು. ಎಷ್ಟು ದಿನವಾಗಿತ್ತು ಅವಳು ನಕ್ಕು.

ಆಟೊವೂ ಹೋಗದ ಕಡೆ ನಡೆದೆವು. ಕೈ ಚಾಚಿದರೆ ಎರಡೂ ಕಡೆಯ ಗೋಡೆ ಸಿಗುವ ಓಣಿ. ಪ್ರತಿ ಮನೆಯ ಮುಂದೆ ಹಕ್ಕಿಯ ಪಂಜರ, ಪಂಜರದ ಕೆಳಗೆ ಬೆಕ್ಕು, ಬೆಕ್ಕಿನ ಪಕ್ಕ ಲುಂಗಿ ಉಟ್ಟ ಅಜ್ಜ. ಆ ಲುಂಗಿಯ ಚೌಕ, ಅದನ್ನು ಮಡಚಿ ಕಟ್ಟಿದ ರೀತಿ, ಎಲ್ಲ ನಮ್ಮ ಉಳ್ಳಾಲ ಮೇಲಂಗಡಿಯದೇ. ನನ್ನ ಉಪ್ಪ, ನನ್ನ ತಂದೆ, ಈಗ ಎದ್ದು ಬಂದು ಇಲ್ಲಿ ಕೂತರೆ ಯಾರೂ ಹೊಸಬನೆನ್ನುವುದಿಲ್ಲ. ಯಾವುದೋ ಅಡುಗೆಮನೆಯಿಂದ ತೆಂಗಿನಹಾಲಿನಲ್ಲಿ ಹಲಸಿನಕಾಯಿ ಬೇಯುವ ವಾಸನೆ. ನನ್ನ ಕಣ್ಣಲ್ಲಿ ನೀರು ಬಂತು. ಇಸ್ರಾ ನೋಡುವ ಮೊದಲು ಒರೆಸಿಕೊಂಡೆ.

ಸುಮಿಯಾತಿ ಅಂಗಡಿಯಲ್ಲಿದ್ದಳು. ಅಂಗಡಿ ಎಂದರೆ ಮನೆಯ ಮುಂದಿನ ಕೋಣೆ, ಅಲ್ಲೇ ಬಾಣಲೆ, ಅಲ್ಲೇ ಬೆಂಚು. ಕರಿಯುತ್ತಿದ್ದದ್ದನ್ನು ಹಾಗೇ ಬಿಟ್ಟು ಬಂದಳು. ನಾನು ಎಲ್ಲಿಗೋ ಓಡಿಹೋಗುವವಳೇನೋ ಎಂಬಂತೆ ನನ್ನನ್ನು ಬಿಗಿಯಾಗಿ ಹಿಡಿದುಕೊಂಡು ನಿಂತಳು. ಆಮೇಲೆ ಇಸ್ರಾಳ ಕಡೆ ತಿರುಗಿದಳು. ಮುಟ್ಟಲಿಲ್ಲ. ಎಣ್ಣೆಯ ಕೈಯನ್ನು ಬಟ್ಟೆಗೆ ಒರೆಸುತ್ತಲೇ ಇದ್ದಳು.

ಇಸ್ರಾ ತಾನಾಗಿ ಮುಂದೆ ಹೋಗಿ ಅವಳ ಎದೆಗೆ ಒರಗಿದಳು.

ನಾನು ಬಾಣಲೆ ನೋಡಿದೆ. ಕರಿಯುತ್ತಿದ್ದದ್ದು ಸೀದಿತ್ತು. ಉರಿ ಆರಿಸಿದೆ.

ನವೆಂಬರ್ 18, ಮಂಗಳವಾರ. ಜಕಾರ್ತಾ

ಸುಮಿಯಾತಿ ಇನ್ನೂ ಹೇಳಿಲ್ಲ. ನಿನ್ನೆ ಸಂಜೆ ಕೇಳಿದೆ. "ಇವತ್ತು ಬೇಡ," ಎಂದಳು. ಇವತ್ತು ಬೆಳಿಗ್ಗೆ ಕೇಳಿದೆ. "ಮೊದಲು ತಿಂಡಿ," ಎಂದಳು. ತಿಂಡಿಯಾದ ಮೇಲೆ ಬಸ್ಸಿಗೆ ಹತ್ತಿಸಿ ಊರು ತೋರಿಸಲು ಕರೆದುಕೊಂಡು ಹೋದಳು.

ದೊಡ್ಡ ಮಸೀದಿಗೆ ಹೋದೆವು. ಅದರ ಎದುರಲ್ಲೇ ಚರ್ಚು. ಮಧ್ಯಾಹ್ನದ ನಮಾಜಿನ ಜಮಾಅತಿಗೆ ಆಫೀಸಿನ ಹುಡುಗಿಯರು ಚಪ್ಪಲಿ ಕಳಚಿ ಓಡಿಬರುತ್ತಾರೆ, ಚೀಲದಿಂದ ಬಿಳಿಯ ನಮಾಜ್ ನಿಲುವಂಗಿ ತೆಗೆದು ಹಾಕಿಕೊಳ್ಳುತ್ತಾರೆ, ಮುಗಿದ ಮೇಲೆ ಅಲ್ಲೇ ಕಾಲು ಚಾಚಿ ಹರಟೆ. ಚಿಕ್ಕಂದಿನಲ್ಲಿ ನಮ್ಮೂರ ಮಸೀದಿಯನ್ನು ನಾನು ಕಂಡದ್ದು ಹೊರಗಿನಿಂದ. ನಾನೂ ಕಾಲು ಚಾಚಿ ಕೂತೆ. ಸುಖವಾಯಿತು.

ಅಲ್ಲಿ ಕೂತು ನಾವಿಬ್ಬರೂ ಹಳೆಯದನ್ನೆಲ್ಲ ತೆಗೆದೆವು. ಆ ಕಟ್ಟಡದ ಟೆರೇಸು! ಗಂಡಸರನ್ನು ರಿಫೈನರಿಯ ಬಸ್ಸು ಕೊಂಡುಹೋದ ಮೇಲೆ ಅದು ನಮ್ಮ ರಾಜ್ಯ. ಸಮೀಹಾ ಶಾಲೆಯಿಂದ ಬಂದರೆ ನೀರಿನ ಟ್ಯಾಂಕಿನ ನೆರಳಲ್ಲಿ ಚಾಪೆ ಹಾಸಿ ಮೂವರೂ ಕೂರುತ್ತಿದ್ದೆವು. ಸಮೀಹಾ ಊರಿಂದ ಬಂದ ಕನ್ನಡ ವಾರಪತ್ರಿಕೆ ಓದಿ ಹೇಳುತ್ತಿದ್ದಳು, ನಾನು ಅದನ್ನು ಮುರುಕು ಅರಬಿಗೆ ಹಾಕಿ ಸುಮಿಯಾತಿಗೆ ಹೇಳುತ್ತಿದ್ದೆ. ಧಾರಾವಾಹಿಯ ನಾಯಕಿಗೆ ಕಷ್ಟ ಬಂದರೆ ಸುಮಿಯಾತಿ ಅಳುತ್ತಿದ್ದಳು. ಒಮ್ಮೆ ಒಂದು ಸಂಚಿಕೆ ಬರಲೇ ಇಲ್ಲ. ಆ ವಾರದ ಕಥೆಯನ್ನು ನಾನೇ ಕಟ್ಟಿ ಹೇಳಿದೆ, ನಾಯಕಿಗೆ ಮದುವೆ ಮಾಡಿಸಿಬಿಟ್ಟೆ. ಮುಂದಿನ ವಾರ ಅವಳು ಮತ್ತೆ ಕನ್ಯೆ! ಸುಮಿಯಾತಿಗೆ ಅದು ಇನ್ನೂ ನೆನಪಿದೆ. "ನೀನು ಸುಳ್ಳುಗಾತಿ," ಎಂದು ನನ್ನ ತೊಡೆಗೆ ಹೊಡೆದಳು. ನಾವು ನಗುವುದಕ್ಕೆ ಪಕ್ಕದವರು ತಿರುಗಿ ನೋಡಿದರು.

ಸಂಜೆ ಧೂಳು ಎದ್ದರೆ ಒಣಗಿದ ಬಟ್ಟೆಯ ಜೊತೆ ಮಕ್ಕಳನ್ನೂ ಬಾಚಿಕೊಂಡು ಇಳಿಯುತ್ತಿದ್ದೆವು. ಯಾರ ಮಗು ಯಾರ ಕೈಯಲ್ಲಿ ಎಂದು ನೋಡಲು ಪುರುಸೊತ್ತು ಇರುತ್ತಿರಲಿಲ್ಲ. ಮನೆಗೆ ಹೋಗಿ ನೋಡಿ ಬದಲಾಯಿಸಿಕೊಳ್ಳುತ್ತಿದ್ದೆವು. ಆಗ ನಮಗೆಲ್ಲ ಇಪ್ಪತ್ತು ದಾಟಿ ನಾಲ್ಕೋ ಐದೋ ವರ್ಷ. ಅಂಥ ಸಂಜೆಗಳು ಇನ್ನು ಬರುವುದಿಲ್ಲ.

ಸುಮಿಯಾತಿಯ ಮಗ ಬಾಗುಸ್ ಕೆಲಸ ಮುಗಿಸಿ ಬಂದ. ಇಸ್ರಾಳ ಜೊತೆ ಹಾಲು ಕುಡಿದವನು ಇವನೇ. ಇಂಗ್ಲಿಷಿನಲ್ಲಿ ಇಬ್ಬರೂ ಹತ್ತು ನಿಮಿಷ ನಾಚಿಕೊಂಡರು, ಹನ್ನೊಂದನೆಯ ನಿಮಿಷಕ್ಕೆ ಜಗಳ ಶುರು. ಆಮೇಲೆ ಅವನು ಸ್ಕೂಟರ್ ತೆಗೆದ, ಇವಳು ಹಿಂದೆ ಹತ್ತಿ ಕೂತಳು. ತಡೆಯಲೆಂದು ನಾನು ಹೊಸಿಲವರೆಗೆ ಓಡಿದೆ.

"ಅಣ್ಣನ ಗಾಡಿ," ಎಂದಳು ಸುಮಿಯಾತಿ, ಅದರಲ್ಲೇನಿದೆ ಎಂಬಂತೆ.

ಅವರು ಐಸ್ ತಿಂದು ಬಂದರು. ಒಳ್ಳೆಯ ಹುಡುಗ. ಇಸ್ರಾ ಒಬ್ಬಳೇ ಮಗಳಾಗಿ ಬೆಳೆದವಳು, ಇನ್ನೊಬ್ಬರ ತಟ್ಟೆಯಿಂದ ಕಸಿದು ತಿನ್ನುವುದನ್ನು ನಾನು ಇವತ್ತೇ ನೋಡಿದ್ದು.

ನವೆಂಬರ್ 19, ಬುಧವಾರ. ಜಕಾರ್ತಾ

ಹೇಳಿದಳು.

ಮಧ್ಯಾಹ್ನ ಮಳೆ ಹಿಡಿಯಿತು. ತಗಡಿನ ಮೇಲೆ ಬೀಳುವ ಸದ್ದಿಗೆ ಒಬ್ಬರ ಮಾತು ಒಬ್ಬರಿಗೆ ಕೇಳುತ್ತಿರಲಿಲ್ಲ. ಇಸ್ರಾ ಮಹಡಿಯಲ್ಲಿ ಮಲಗಿದ್ದಳು. ನಾವಿಬ್ಬರೂ ಅಡುಗೆಮನೆಯಲ್ಲಿ ಸೊಪ್ಪು ಬಿಡಿಸುತ್ತಿದ್ದೆವು. ಸುಮಿಯಾತಿ ತಲೆ ಎತ್ತದೆ, ತಾನಾಗಿಯೇ ಶುರು ಮಾಡಿದಳು.

"ಸಮೀಹಾ ಬಾಟ್ಲಿ ಇಟ್ಟು ಹೋಗುತ್ತಿದ್ದದ್ದು ನಿಜ. ಅವನು ಕುಡಿಯುತ್ತಿರಲಿಲ್ಲ. ಅತ್ತು ಅತ್ತು ಮುಖ ನೀಲಿಯಾಗುತ್ತಿತ್ತು. ನನ್ನ ಎದೆಯಲ್ಲಿ ಹಾಲಿತ್ತು ಫಸೀಲಾ. ಇಟ್ಟುಕೊಂಡು ಹೇಗೆ ನೋಡುತ್ತಾ ಕೂರಲಿ?"

"ಎಷ್ಟು ಸಲ?" ಎಂದೆ.

"ಶಾಲೆ ಇದ್ದ ದಿನವೆಲ್ಲ. ಬೇಸಿಗೆ ರಜೆ ಬರುವವರೆಗೆ."

ಐದಲ್ಲ. ಎಣಿಕೆಗೇ ಸಿಗುವುದಿಲ್ಲ.

"ಸಮೀಹಾಳಿಗೆ ಯಾಕೆ ಹೇಳಲಿಲ್ಲ?"

"ಅವಳು ದಿನಾ ಬಾಟ್ಲಿ ಖಾಲಿ ಆಗಿದೆಯಾ ನೋಡುತ್ತಿದ್ದಳು. ತನ್ನ ಮಗ ತಾನು ಇಟ್ಟದ್ದನ್ನೇ ಕುಡಿಯುತ್ತಾನೆ ಎಂದು ಅವಳಿಗೆ ಖುಷಿ. ಅದನ್ನು ಯಾಕೆ ಕೆಡಿಸಲಿ? ಬಾಟ್ಲಿಯದನ್ನು ಬೆಕ್ಕಿಗೆ ಹಾಕುತ್ತಿದ್ದೆ."

ಫೋನಿನಲ್ಲೇ ಹೇಳಬಹುದಿತ್ತಲ್ಲ, ಇಷ್ಟು ದೂರ ಯಾಕೆ ಕರೆಸಿದೆ ಎಂದು ಜೋರು ಮಾಡಿದೆ. ಆಗ ಅವಳು ಸೊಪ್ಪು ಕೆಳಗಿಟ್ಟಳು.

"ಹೇಳಿದರೆ ಇಸ್ರಾ ನನ್ನನ್ನು ದ್ವೇಷಿಸುತ್ತಾಳೆ. ಅದಕ್ಕೆ ಮೊದಲು ಒಂದು ಸಲ ನೋಡಬೇಕಿತ್ತು. ಅಷ್ಟೇ."

ಅವಳು ಕೆಳಗಿಟ್ಟ ಸೊಪ್ಪನ್ನು ನಾನು ಬಿಡಿಸತೊಡಗಿದೆ. ಅವಳು ನನ್ನ ಕೈ ಹಿಡಿದು ಹೇಳಿದಳು. "ನೀನು ಬೇಡ ಎಂದರೆ ನಾನು ಯಾರಿಗೂ ಹೇಳುವುದಿಲ್ಲ. ಕೊಟ್ಟಿಲ್ಲ ಎಂದೇ ಹೇಳುತ್ತೇನೆ. ನಾಳೆ ಅಲ್ಲಾಹ್ ಕೇಳಿದರೆ ನನ್ನನ್ನು ಕೇಳಲಿ."

ನವೆಂಬರ್ 20, ಗುರುವಾರ

ಮಳೆ. ಎಲ್ಲಿಗೂ ಹೋಗಲಿಲ್ಲ. ಇವರು ಫೋನ್ ಮಾಡಿದರು. "ಕೇಳಿದ್ಯಾ?" ಎಂದರು. ಇನ್ನೂ ಇಲ್ಲ ಎಂದೆ.

ನವೆಂಬರ್ 21, ಶುಕ್ರವಾರ. ಜಕಾರ್ತಾ

ನಿನ್ನೆ ಇಡೀ ದಿನ ನಾನು ಏನು ಮಾಡುತ್ತಿದ್ದೆ ಎಂದು ಈಗ ಬರೆಯಬಹುದು. ಮದುವೆ ಮಾಡುತ್ತಿದ್ದೆ. ಮನಸ್ಸಿನಲ್ಲೇ ಹಾಲ್ ಗೊತ್ತು ಮಾಡಿದೆ, ಇಸ್ರಾಳಿಗೆ ಬಟ್ಟೆ ತೆಗೆದೆ, ಸಮೀಹಾಳ ಜೊತೆ ನೆಂಟಸ್ತಿಕೆಯ ಜಗಳವನ್ನೂ ಮಾಡಿ ಮುಗಿಸಿದೆ. ಗೊತ್ತಿರುವುದು ಇಬ್ಬರಿಗೆ. ಇಬ್ಬರೂ ಬಾಯಿ ಮುಚ್ಚಿದರೆ ಆಯಿತು. ಆಮೇಲೆ ಅವರಿಗೆ ಮಗು ಹುಟ್ಟುವವರೆಗೂ ಹೋದೆ. ಆ ಮಗುವನ್ನು ಎತ್ತಿಕೊಳ್ಳಲು ನನ್ನ ಕೈ ಬರಲಿಲ್ಲ.

ಬೆಳಿಗ್ಗೆ ಕೆಳಗೆ ಬಂದಾಗ ಇಸ್ರಾ ಮತ್ತು ಬಾಗುಸ್ ಹಪ್ಪಳದ ಡಬ್ಬಿಗೆ ಜಗಳಾಡುತ್ತಿದ್ದರು. ಅಂಗೈಯಗಲದ ಸಿಗಡಿ ಹಪ್ಪಳ, ಇಲ್ಲಿ ಅದಿಲ್ಲದೆ ಊಟವಿಲ್ಲ. ಕೊನೆಯದನ್ನು ಅವನು ಮುರಿದು ದೊಡ್ಡ ತುಂಡನ್ನು ಇವಳಿಗೆ ಕೊಟ್ಟ. ನೋಡುತ್ತಾ ನಿಂತೆ. ಇವನು ಇವಳಿಗೆ ಅಣ್ಣ ಹೌದಾದರೆ ಉಝೈರನೂ ಅಣ್ಣ. ಉಝೈರನಿಗೆ ಕೊಟ್ಟ ಹಾಲು ಕೊಟ್ಟಿಲ್ಲ ಎಂದು ಹೇಳಿಸಿದರೆ, ನನ್ನ ಮಗಳನ್ನು ಬದುಕಿಸಿದ ಹಾಲನ್ನೂ ಇಲ್ಲ ಎಂದ ಹಾಗೆ. ಬೆಕ್ಕು ಕುಡಿದ ಬಾಟ್ಲಿಯೇ ನಿಜವಾಗಿ, ಸುಮಿಯಾತಿ ಸುಳ್ಳಾಗಬೇಕು. ಅದು ನನ್ನಿಂದ ಆಗಲಿಲ್ಲ.

ಜುಮಾ ನಮಾಜ್ ಮುಗಿದ ಮೇಲೆ ಇಸ್ರಾಳಿಗೆ ನಾನೇ ಹೇಳಿದೆ. ಸುಮಿಯಾತಿಯ ಬಾಯಿಂದ ಅದು ಬರುವುದು ಬೇಡ ಎನ್ನಿಸಿತು.

ಇಸ್ರಾ ಮೊದಲು ನಕ್ಕಳು. "ಜೋಕಾ ಉಮ್ಮಾ?" ನನ್ನ ಮುಖ ನೋಡಿ ನಗು ನಿಲ್ಲಿಸಿದಳು. "ಎಷ್ಟು ಸಲ?"

"ತುಂಬ ಸಲ."

"ಅವನಿಗೆ ಯಾರು ಹೇಳ್ತಾರೆ?"

ನಾನು ಹೇಳುತ್ತೇನೆ ಎಂದೆ. "ಬೇಡ," ಎಂದಳು, "ನಾನೇ." ಮಹಡಿಗೆ ಹೋಗಿ ಬಾಗಿಲು ಹಾಕಿಕೊಂಡಳು. ನಾನು ಮೆಟ್ಟಿಲ ಮೇಲೆ ಕೂತೆ. ಒಳಗಿಂದ ಮಾತು ಕೇಳಲಿಲ್ಲ, ಅಳುವೂ ಕೇಳಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರಲ್ಲ, ನನ್ನ ಮಗಳ ತುತ್ತನ್ನು ನಾನೇ ಕೈಯಾರೆ ತೆಗೆದಿಟ್ಟೆ. ಬಹಳ ಸಂಕಟವಾಯಿತು. ಸುಮಿಯಾತಿ ಬಂದು ಕೆಳಗಿನ ಮೆಟ್ಟಿಲ ಮೇಲೆ ಕೂತಳು. ಇಬ್ಬರೂ ಹಾಗೇ ಕೂತಿದ್ದೆವು, ಹೆರಿಗೆ ಕೋಣೆಯ ಹೊರಗೆ ಕೂತವರ ಹಾಗೆ.

ನವೆಂಬರ್ 22, ಶನಿವಾರ. ಜಕಾರ್ತಾ ವಿಮಾನ ನಿಲ್ದಾಣ

ಬೆಳಿಗ್ಗೆಯಿಂದ ಇಸ್ರಾ ಸುಮಿಯಾತಿಯ ಜೊತೆ ಒಂದು ಮಾತೂ ಆಡಲಿಲ್ಲ. ಕೊಟ್ಟ ಅನ್ನ ತಿಂದಳು, ತಟ್ಟೆ ತೊಳೆದಿಟ್ಟಳು. ಸುಮಿಯಾತಿ ಅವಳನ್ನು ನೋಡದ ಹಾಗೆ ನೋಡುತ್ತಿದ್ದಳು. ನಮ್ಮ ಚೀಲಕ್ಕೆ ಹಪ್ಪಳ, ಕಾಫಿ ಪುಡಿ, ಸಮೀಹಾಳಿಗೆಂದು ಒಂದು ಬಾಟಿಕ್ ಬಟ್ಟೆ ತುಂಬಿದಳು. ಚೀಲ ಹೊಲಿಗೆ ಬಿಡುವಷ್ಟಾದರೂ ಇನ್ನೂ ತುಂಬುತ್ತಿದ್ದಳು.

ಬಾಗುಸ್ ಓಣಿಯ ತುದಿಗೆ ಟ್ಯಾಕ್ಸಿ ತಂದ. ಹತ್ತುವ ಹೊತ್ತಿಗೆ ಇಸ್ರಾ ವಾಪಸ್ ತಿರುಗಿ ಓಣಿಯೊಳಗೆ ಓಡಿದಳು. ಹಿಂದೆ ಹೋದೆ. ಇಲ್ಲಿಯ ಮಕ್ಕಳು ದೊಡ್ಡವರಿಗೆ ಮಾಡುವ ಹಾಗೆ ಸುಮಿಯಾತಿಯ ಕೈ ಹಿಡಿದು ಹಣೆಗೆ ಒತ್ತಿಕೊಂಡು ನಿಂತಿದ್ದಳು. ಬಿಡಲೇ ಇಲ್ಲ. ಉಮ್ಮಾ ಎಂದಳು. ನಾನು ಹಿಂದೆ ಇದ್ದೆ, ಕರೆದದ್ದು ನನ್ನನ್ನಲ್ಲ.

ಟ್ಯಾಕ್ಸಿಯವನು ಹಾರ್ನ್ ಹೊಡೆಯುತ್ತಿದ್ದ. ಈ ಊರಿನ ಟ್ರಾಫಿಕ್ ನಂಬುವ ಹಾಗಿಲ್ಲ, ವಿಮಾನ ತಪ್ಪಿದರೆ ಎಂಬ ಗಡಿಬಿಡಿ ನನಗೆ. ಸುಮಿಯಾತಿಗೆ ಬೆನ್ನುನೋವಿದೆ, ಬಾಣಲೆಯ ಮುಂದೆ ಹೆಚ್ಚು ಹೊತ್ತು ನಿಲ್ಲಬೇಡ ಎಂದು ಹೇಳಲು ಮರೆತೆ. ಯಾನ್ಬು ಮುಟ್ಟಿದ ಕೂಡಲೇ ಫೋನ್ ಮಾಡಿ ಹೇಳಬೇಕು. ಬರುವ ವರ್ಷ ಅವಳನ್ನು ಉಮ್ರಾಕ್ಕೆ ಕರೆಸಬೇಕು. ಮಕ್ಕಳು ಮೂವರಿದ್ದಾರೆ, ಕರೆಸಲಿ.

ನವೆಂಬರ್ 23, ಭಾನುವಾರ. ಯಾನ್ಬು

ಜೆದ್ದಾದಲ್ಲಿ ನಮ್ಮನ್ನು ಕರೆದುಕೊಳ್ಳಲು ಉಝೈರ್ ಬಂದಿದ್ದ. ಇವರ ಶಟ್‌ಡೌನ್ ಮುಗಿದಿಲ್ಲ, ನಾನೇ ಹೋಗುತ್ತೇನೆ ಎಂದು ಅವನೇ ಹೇಳಿದನಂತೆ. ಸಲಾಂ ಹೇಳಿ ಟ್ರಾಲಿ ತೆಗೆದುಕೊಂಡ. ಗಡ್ಡ ಬೋಳಿಸಿರಲಿಲ್ಲ, ಕಣ್ಣು ಕೆಂಪಗಿತ್ತು. "ಉಮ್ಮ ಹೇಗಿದ್ದಾರೆ?" ಎಂದೆ. "ಅಳ್ತಾ ಇದ್ದಾರೆ. ಸುಮಿಯಾತಿ ಉಮ್ಮನಿಗೆ ಫೋನ್ ಮಾಡಿ ಇಬ್ರೂ ಒಟ್ಟಿಗೆ ಅಳ್ತಾ ಇದ್ದಾರೆ," ಎಂದ.

ಇಸ್ರಾ ನನ್ನ ಜೊತೆ ಹಿಂದಿನ ಸೀಟಿನಲ್ಲಿ ಕೂತಳು. ಊರು ದಾಟಿದ ಮೇಲೆ ಒಂದು ಕಡೆ ಮರಳು, ಇನ್ನೊಂದು ಕಡೆ ದೂರದಲ್ಲಿ ಸಮುದ್ರ. ಮರವಿಲ್ಲ, ಗದ್ದಲವಿಲ್ಲ. ಇಷ್ಟು ವರ್ಷ ಬೈದುಕೊಂಡ ಈ ಬಯಲು ಇವತ್ತು ಕಣ್ಣಿಗೆ ತಂಪೆನಿಸಿತು.

ದಾರಿಯಲ್ಲಿ ರಾಬಿಗ್ ಎಂಬ ಊರಿನ ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿ ಅವನು ಚಾ ತರಲು ಹೋದ. ಹದಿನಾರು ಗಂಟೆಯ ಪ್ರಯಾಣದ ಬೆವರು, ಸುಸ್ತು. ಇಸ್ರಾ ಪಿನ್ನು ಬಿಚ್ಚಿ ತಲೆಯ ಶಾಲು ತೆಗೆದು ಮಡಿಲಲ್ಲಿ ಹಾಕಿಕೊಂಡಳು, ಕೂದಲನ್ನು ಬೆರಳಿಂದ ಬಿಡಿಸಿಕೊಂಡಳು. ಕಾರಿನಲ್ಲಿ ನಾನೊಬ್ಬಳೇ ಇದ್ದೆನಲ್ಲ, ನನಗೆ ಏನೂ ಅನ್ನಿಸಲಿಲ್ಲ. ಅಷ್ಟರಲ್ಲಿ ಅವನು ಬಂದು ಬಾಗಿಲು ತೆರೆದ. ನೋಡಿದ. ತಕ್ಷಣ ಮುಖ ಆಚೆ ತಿರುಗಿಸಿ, ಎರಡೂ ಕೈಯಲ್ಲಿ ಚಾ ಹಿಡಿದು ಬಿಸಿಲಲ್ಲೇ ನಿಂತ.

ನನ್ನ ಕೈ ತಾನಾಗಿ ಶಾಲಿನ ಕಡೆ ಹೋಯಿತು. ಇಸ್ರಾ ಅದನ್ನು ತಡೆದಳು.

"ಪರವಾಗಿಲ್ಲ ಕಾಕಾ," ಎಂದಳು. ಹುಟ್ಟಿದಂದಿನಿಂದ ಅವನನ್ನು ಹೆಸರು ಹಿಡಿದೇ ಕರೆದವಳು, ಅಣ್ಣ ಎಂದದ್ದು ಇದೇ ಮೊದಲು. "ಇನ್ನು ನೀನು ನೋಡಬಹುದು."

ಅವನು ಮೆಲ್ಲಗೆ ತಿರುಗಿದ. ಮದುವೆಯಾಗಿ ತನ್ನ ಮನೆಯಲ್ಲಿ ನೋಡಬೇಕಾಗಿದ್ದದ್ದನ್ನು ಪೆಟ್ರೋಲ್ ಬಂಕಿನ ಬಿಸಿಲಲ್ಲಿ ನಿಂತು ನೋಡಿದ.

"ಚಿಕ್ಕದಿರುವಾಗ ಇದ್ದ ಹಾಗೇ ಇದೆ," ಎಂದ. "ಇನ್ನೂ ಗುಂಗುರು."

"ಹೌದು," ಎಂದಳು ಇಸ್ರಾ, ಕೈ ಚಾಚಿ ತನ್ನ ಚಾ ತೆಗೆದುಕೊಂಡಳು.